ಗಿಡ, ಕಾಡು, ಕಾಡಿನ ಜನ: ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು

ನಾನು ಚಾಮರಾಜನಗರದ ಕಡೆಯವನು. ಹೆಣ್ಣು ತಂದಿದ್ದು ಪುತ್ತೂರಿನ ಕಡೆಯಿಂದ. ಹಾಗಾಗಿ ಸೋಲಿಗರ ಬೆಟ್ಟವೂ ತುಳುನಾಡಿನ ಆಟಿ ತಿಂಗಳೂ ಎರಡೂ ನನಗೆ ಮನೆ ವಿಷಯ. ಗಿಡಮರದ ಬಗ್ಗೆ ಮಾತು ತೆಗೆದರೆ ಸಾಕು, ಮದುವೆ ಮನೆಯಾಗಲಿ, ಬಸ್ಸಾಗಲಿ, ಯಾರೋ ಬರೆದ ಪತ್ರವಾಗಲಿ, ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಕೇಳಿದವರ ಮಾತಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲ ಮೆಟ್ಟಿಲು

ಗಿಡಕ್ಕೂ ಸಂಸ್ಕೃತಿಗೂ ಏನ್ ಸಂಬಂಧ? ಗಿಡ ಸುಮ್ನೆ ಬೆಳೆಯುತ್ತೆ, ಅದರ ಪಾಡಿಗೆ ಅದು.

ಆಟಿ ಅಮಾವಾಸ್ಯೆ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ನಮ್ಮ ಮಾವ ಏಳುತ್ತಾರೆ. ಹೊರಗೆ ಜಡಿಮಳೆ. ಕೈಯಲ್ಲಿ ಟಾರ್ಚು, ಒಂದು ಚೂಪು ಕಲ್ಲು. ಕತ್ತಿ ತೆಗೆದುಕೊಂಡು ಹೋಗುವ ಹಾಗಿಲ್ಲ, ಕಬ್ಬಿಣ ಮರಕ್ಕೆ ತಾಗಬಾರದು. ಪಾಲೆ ಮರ ಯಾವುದು ಅಂತ ಹಿಂದಿನ ದಿನ ಹಗಲಲ್ಲೇ ನೋಡಿಟ್ಟುಕೊಂಡಿರುತ್ತಾರೆ. (ನಮ್ಮ ಕಡೆ ಇದನ್ನೇ ಹಾಲೆ ಮರ ಅನ್ನುತ್ತೇವೆ. ಒಂದೊಂದು ಗೆಣ್ಣಿನಲ್ಲಿ ಏಳು ಎಲೆ ಸುತ್ತ ನಿಂತಿರುತ್ತವಲ್ಲ, ಅದು.) ಕಲ್ಲಲ್ಲಿ ಜಜ್ಜಿ ತೊಗಟೆ ಕೀಳುತ್ತಿದ್ದ ಹಾಗೆ ಬಿಳಿ ಹಾಲು ಜಿನುಗುತ್ತದೆ. ಮನೆಗೆ ತಂದು ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ರಸ ತೆಗೆಯುತ್ತಾರೆ. ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಆ ರಸಕ್ಕೆ ಬಿಡುತ್ತಾರೆ. ಚುಂಯ್ ಅನ್ನುತ್ತದೆ. ಅದೇ ಒಗ್ಗರಣೆ. ಬರಿ ಹೊಟ್ಟೆಗೆ ಒಂದು ಸಣ್ಣ ಲೋಟ. ಕಹಿ ಅಂದರೆ ಎಂಥ ಕಹಿ ಅಂತೀರಿ, ಮೊದಲ ವರ್ಷ ನಾನು ಬಾಗಿಲ ಹಿಂದೆ ನಿಂತು ಅರ್ಧ ಚೆಲ್ಲಿದ್ದೆ. ಆಮೇಲೆ ಮೈ ತಂಪಾಗಲಿ ಅಂತ ಮೆಂತೆ ಗಂಜಿ.

ಈಗ ಇದರಲ್ಲಿ ಗಿಡ ಎಷ್ಟು, ಸಂಸ್ಕೃತಿ ಎಷ್ಟು? ಬಿಡಿಸುವುದಕ್ಕೆ ಆಗುವುದಿಲ್ಲ. ಮರ ಗುರುತಿಸುವ ಕಣ್ಣು, ಯಾವ ದಿನ ಅನ್ನುವ ಲೆಕ್ಕ, ಕಲ್ಲು, ಒಗ್ಗರಣೆ, ಗಂಜಿ ಎಲ್ಲಾ ಒಂದೇ ಕಟ್ಟಿನಲ್ಲಿದೆ. ಅದೇ ಮಳೆಗಾಲದಲ್ಲಿ ಘಟ್ಟ ಹತ್ತಿ ಕೊಡಗಿಗೆ ಹೋದರೆ ಕಕ್ಕಡ ತಿಂಗಳು. ಅದರ 18ನೇ ದಿನ, ಅಂದರೆ ಆಗಸ್ಟ್ 3ರ ಆಸುಪಾಸು, ಮದ್ದುಸೊಪ್ಪಿನ ಪಾಯಸ. ಆ ದಿನ ಸೊಪ್ಪಿಗೆ 18 ಬಗೆಯ ಔಷಧಿ ಗುಣ ಬಂದು ಸೇರುತ್ತದೆ ಅನ್ನುವುದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆ. ಮಾರನೇ ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ಗೊತ್ತಿಲ್ಲದವರು ಗಾಬರಿ ಬೀಳುತ್ತಾರೆ. ಒಂದೇ ಮಳೆ, ನಡುವೆ ಒಂದು ಘಟ್ಟ, ಎರಡು ಜನ, ಎರಡು ಗಿಡ.

ಆದಿವಾಸಿ ಜ್ಞಾನ ಅಂದ್ರೆ ನಾಟಿ ಔಷಧಿ ತಾನೇ?

ಔಷಧಿ ಅದರಲ್ಲಿ ಒಂದು ಮೂಲೆ, ಅಷ್ಟೆ. ನಮಗೆ ಬೇಕಿರುವುದು ಅದೊಂದೇ ಆದ್ದರಿಂದ ಅದೊಂದೇ ಕಾಣುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಿ. ನಾವು ದೂರದಿಂದ ನೋಡಿ 'ಕಾಡು' ಅಂದುಬಿಡುತ್ತೇವೆ. ಅವರಿಗೆ ತಂಪಿನ ದಟ್ಟ ಕಾನು ಬೇರೆ, ಹುಲ್ಲು ಬೆಳೆಯುವ ಬೋಳೆ ಬೇರೆ, ನಡುವೆ ಇನ್ನೂ ಬಗೆಗಳಿವೆ. ಎಲ್ಲಿ ಏನು ಸಿಗುತ್ತದೆ, ಯಾವ ಪ್ರಾಣಿ ಯಾವ ತಿಂಗಳು ಎಲ್ಲಿರುತ್ತದೆ ಅನ್ನುವುದೆಲ್ಲ ಆ ಹೆಸರುಗಳಿಗೆ ಅಂಟಿಕೊಂಡಿರುತ್ತದೆ. ಜೇನಿನಲ್ಲೂ ಹಾಗೆ. ಬಂಡೆಗೂ ದೊಡ್ಡ ಮರಕ್ಕೂ ಕಟ್ಟುವ ಹೆಜ್ಜೇನು, ಪೊಟರೆಯ ತುಡುವೆ, ಪೊದೆಯ ಕೋಲುಜೇನು, ಕಚ್ಚದ ನಸರು. ಯಾವ ಮರ ಹೂ ಬಿಟ್ಟಾಗ ಯಾವ ತುಪ್ಪ, ಅದರ ಬಣ್ಣ ಹೇಗೆ, ಕಹಿ ಇರುತ್ತದಾ ಅನ್ನುವುದು ಗೊತ್ತಿರಬೇಕಾದರೆ ಕಾಡಿನ ಇಡೀ ಹೂವಿನ ಕ್ಯಾಲೆಂಡರು ತಲೆಯಲ್ಲಿರಬೇಕು. ಜೊತೆಗೆ ಎಷ್ಟು ಕೀಳಬೇಕು, ಎಷ್ಟು ಬಿಡಬೇಕು ಅನ್ನುವ ಕಟ್ಟುಪಾಡು. ಯಾವ ಹುಲ್ಲು ಮಾಡಿಗೆ ಬರುತ್ತದೆ, ಯಾವ ನಾರು ಹಗ್ಗಕ್ಕೆ, ಯಾವ ಗೆಣಸನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಿಯೇ ತಿನ್ನಬೇಕು, ಇವೂ ಇದರಲ್ಲೇ ಬಂದವು.

ಇನ್ನು ದೇವರು. ಬಿಳಿಗಿರಿ ರಂಗ ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನುವ ಕಥೆ ಇದೆ. ಹಾಗಾಗಿ ಸೋಲಿಗರಿಗೆ ರಂಗ 'ಭಾವ'. ಭಾರ್ಗವಿ ಹೊಳೆ ದಂಡೆಯ ದೊಡ್ಡ ಸಂಪಿಗೆ ಮರವೂ ದೇವರೇ. ಬುಡದ ಸುತ್ತ ಸಣ್ಣ ಸಣ್ಣ ಲಿಂಗದ ಕಲ್ಲುಗಳು. ದೇವರನ್ನೇ ನಂಟ ಅನ್ನುವವರು ಆ ಕಾಡನ್ನು ಹೇಗೆ ನೋಡುತ್ತಾರೆ ಅನ್ನುವುದೂ ಜ್ಞಾನದ ಭಾಗವೇ.

ಆದಿವಾಸಿ, ಗಿರಿಜನ, ಬುಡಕಟ್ಟು, ಮೂಲನಿವಾಸಿ... ಯಾವ ಪದ ಬಳಸಬೇಕು?

ಆ ಸಮುದಾಯದ ಹೆಸರನ್ನೇ ಬಳಸಿ, ಅದು ಎಲ್ಲಕ್ಕಿಂತ ಒಳ್ಳೇದು. ಸೋಲಿಗ, ಜೇನು ಕುರುಬ, ಕೊರಗ, ಎರವ, ಸಿದ್ದಿ, ಕುಣಬಿ, ಹೀಗೆ. ಸರ್ಕಾರಿ ಪಟ್ಟಿಯಲ್ಲಿ 'ಪರಿಶಿಷ್ಟ ಪಂಗಡ' ಅಂತ ಇರುತ್ತದೆ. ಆದರೆ ಪಟ್ಟಿ ನೋಡಿಕೊಂಡು ಜ್ಞಾನ ಅಳೆಯುವುದಕ್ಕೆ ಆಗುವುದಿಲ್ಲ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರು ಆ ಪಟ್ಟಿಗೆ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳುತ್ತಲೇ ಇದ್ದಾರೆ.

ತುಳಸಿ ಗೌಡ ಅಜ್ಜಿ ಶಾಲೆಗೇ ಹೋಗಿಲ್ಲವಂತೆ, ಅಷ್ಟೆಲ್ಲಾ ಹೇಗೆ ಗೊತ್ತಿತ್ತು?

ಹಾಲಕ್ಕಿಗಳ ಮಾತು ಬಂತಲ್ಲ, ಈ ಪ್ರಶ್ನೆ ಹಿಂದೆಯೇ ಬರುತ್ತದೆ. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ಮಾಸ್ತಿಕಟ್ಟೆ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು, ದಶಕಗಟ್ಟಲೆ ದುಡಿದವರು. ಅವರ ಹೆಚ್ಚುಗಾರಿಕೆ ಗಿಡ ನೆಟ್ಟ ಲೆಕ್ಕದಲ್ಲಿಲ್ಲ, ಬೀಜದಲ್ಲಿದೆ. ಕಾಡಿನಲ್ಲಿ ತಾಯಿ ಮರ ಯಾವುದು ಅಂತ ಗುರುತಿಸಿ, ಅದರ ಬೀಜ ಸರಿಯಾಗಿ ಬಲಿತ ಹೊತ್ತಿಗೆ ಹೋಗಿ ಆರಿಸುತ್ತಿದ್ದರು. ಕಾಡುಮರದ ಬೀಜ ಒಂದು ವಾರ ಹೆಚ್ಚುಕಮ್ಮಿಯಾದರೆ ಹುಳ ಹಿಡಿಯುತ್ತದೆ, ಇಲ್ಲಾ ಹುಟ್ಟುವುದೇ ಇಲ್ಲ. ಕೆಲವು ಬಿದ್ದ ತಕ್ಷಣ ಬಿತ್ತಬೇಕು, ಕೆಲವನ್ನು ನೆನೆಸಬೇಕು. ನೂರಾರು ಜಾತಿಯದ್ದು ಹೀಗೆ ತಲೆಯಲ್ಲಿರಬೇಕು ಅಂದರೆ ಕಾಡಿನಲ್ಲಿ ನಡೆದೇ ಕಲಿಯಬೇಕು. ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ, ಹಾಲಕ್ಕಿ ಉಡುಗೆಯಲ್ಲೇ ಹೋಗಿದ್ದ ಫೋಟೋ ಎಲ್ಲರೂ ನೋಡಿದ್ದೀರಿ. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳೂ ತುಂಬಿರಲಿಲ್ಲ, ಹಾಲಕ್ಕಿ ಹಾಡುಗಳ ಭಂಡಾರ ಸುಕ್ರಿ ಬೊಮ್ಮಗೌಡರೂ ಹೋದರು. ಒಬ್ಬರು ಬೀಜ, ಇನ್ನೊಬ್ಬರು ಹಾಡು. ಇಬ್ಬರೂ ಅಂಕೋಲಾ ಕಡೆಯವರು.

## ಸ್ವಲ್ಪ ಒಳಗೆ

ಭಾಷೆ ಹೋದ್ರೆ ಗಿಡದ ತಿಳಿವಳಿಕೆನೂ ಹೋಗುತ್ತೆ ಅಂತಾರೆ. ಉತ್ಪ್ರೇಕ್ಷೆ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 2021ರಲ್ಲಿ ಬಂದ ಒಂದು ಅಧ್ಯಯನ ಇದೆ. ಉತ್ತರ ಅಮೆರಿಕ, ಅಮೆಜಾನಿನ ವಾಯವ್ಯ ಭಾಗ, ನ್ಯೂಗಿನಿ, ಈ ಮೂರು ಕಡೆಯ 236 ಭಾಷೆಗಳಲ್ಲಿ ದಾಖಲಾದ ಔಷಧಿ ಗಿಡಗಳ 12,495 ಉಪಯೋಗಗಳನ್ನು ಅಲ್ಲಿ ಒಟ್ಟು ಹಾಕಿ ನೋಡಿದರು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಒಂದೇ ಒಂದು ಭಾಷೆಯವರಿಗೆ ಗೊತ್ತಿದ್ದದ್ದು. ಪಕ್ಕದ ಭಾಷೆಯವರಿಗೆ ಅದೇ ಗಿಡ ಗೊತ್ತು, ಆ ಉಪಯೋಗ ಗೊತ್ತಿಲ್ಲ. 2012ರ ಇನ್ನೊಂದು ಲೆಕ್ಕದ ಪ್ರಕಾರ ಜಗತ್ತಿನ ಸುಮಾರು 6,900 ಭಾಷೆಗಳಲ್ಲಿ 4,800ಕ್ಕೂ ಹೆಚ್ಚು ಇರುವುದು ಜೀವವೈವಿಧ್ಯ ಜಾಸ್ತಿ ಇರುವ ಜಾಗಗಳಲ್ಲೇ. ನಮ್ಮ ಪಶ್ಚಿಮ ಘಟ್ಟವೂ ಅಂಥ ಜಾಗ. ತುಳು, ಕೊಡವ, ಕೊರಗ, ಎರವ, ಸೋಲಿಗರ ನುಡಿ, ಕುಣಬಿಗಳ ಕೊಂಕಣಿ ಎಲ್ಲಾ ಒಂದೇ ಗುಡ್ಡಸಾಲಿಗೆ ಅಂಟಿಕೊಂಡಿವೆ. ಕೊಡವ ಭಾಷೆಯಂತೂ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿದೆ.

ಇದು ಹೇಗೆ ಆಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದೆ. ಮಾವನ ಬಾಯಲ್ಲಿ 'ತೊಜಂಕ್' ಅಂದರೆ ಮೊದಲ ಮಳೆಗೆ ಹುಟ್ಟುವ, ಎಳೆಯದಿದ್ದಾಗ ಮಾತ್ರ ಪಲ್ಯಕ್ಕೆ ಬರುವ, ಹಲಸಿನ ಬೀಜದ ಜೊತೆ ಹೊಂದುವ ಸೊಪ್ಪು. ನನ್ನ ಮಗಳಿಗೆ ಬೆಂಗಳೂರಿನಲ್ಲಿ ಅದು 'ಕಳೆ'. ಅವಳು ದಡ್ಡಿಯಲ್ಲ. ಹೆಸರು ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ದೇವರಕಾಡು ಅನ್ನೋದೆಲ್ಲಾ ಮೂಢನಂಬಿಕೆ ಅಲ್ವಾ? ಅದರಿಂದ ನಿಜಕ್ಕೂ ಕಾಡು ಉಳಿದಿದೆಯಾ?

ಉಳಿದಿದೆ. ಹಾಗೇ ಕರಗಿಯೂ ಇದೆ. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕಿರುವ ದೇವರಕಾಡುಗಳು 1,214. ಎಲ್ಲಾ ಸೇರಿ ಸುಮಾರು 2,550 ಹೆಕ್ಟೇರು. ಜಗತ್ತಿನಲ್ಲಿ ಇಷ್ಟು ಒತ್ತೊತ್ತಾಗಿ ಇರುವ ಜಾಗ ಸಿಗುವುದು ಕಷ್ಟ. ಆದರೆ 1905ರ ದಾಖಲೆಯಲ್ಲಿ ದೇವರಕಾಡು 15,506 ಎಕರೆ ಇತ್ತು. ಈಗಿನ 2,550 ಹೆಕ್ಟೇರನ್ನು ಎಕರೆಗೆ ಬದಲಿಸಿದರೆ ಸುಮಾರು 6,300. ಉಳಿದದ್ದು ಎಲ್ಲಿ ಹೋಯಿತು ಅಂತ ಕಾಫಿ ತೋಟದ ನಡುವೆ ನಿಂತು ಕೇಳಬೇಕಾಗಿಲ್ಲ.

ಈ ಕಾಡುಗಳ ಒಳಗೆ ಹೋದರೆ ಬೇಟೆಗಾರ ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ, ಪಾಚಿ ಹಿಡಿದು. ಒಂದು ಕಾಲದಲ್ಲಿ ಗುಡಿ ಅಂತ ಇದ್ದದ್ದು ಅಷ್ಟೇ. ನನಗೆ ಬೇಜಾರಾಗುವುದು ಇಲ್ಲಿ: ಎಷ್ಟೋ ಕಡೆ ದೇವರಿಗೆ 'ಒಳ್ಳೆ' ಗುಡಿ ಕಟ್ಟಬೇಕು ಅಂತ ಹೊರಡುತ್ತಾರೆ. ಕಾಂಕ್ರೀಟು ಬರುತ್ತದೆ, ಗಾಡಿ ನಿಲ್ಲಿಸುವುದಕ್ಕೆ ಜಾಗ ಬೇಕಾಗುತ್ತದೆ, ಅಡಿಗೆ ಶೆಡ್ಡು ಏಳುತ್ತದೆ. ದೇವರು ಕಾಡಿನಿಂದ ಕಟ್ಟಡಕ್ಕೆ ವರ್ಗವಾದ ಮೇಲೆ ಕಾಡಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ನಂಬಿಕೆ ಕಮ್ಮಿಯಾಗಿ ಕಾಡು ಹೋಯಿತು ಅಂತ ಹೇಳುತ್ತಾರೆ. ಭಕ್ತಿ ಜಾಸ್ತಿಯಾಗಿಯೂ ಹೋಗಿದೆ.

ವಿಜ್ಞಾನಕ್ಕೆ ಇದರಿಂದ ಏನು ಲಾಭ ಅಂತ ಕೇಳಿದರೆ, ಸಿದ್ದಾಪುರ ತಾಲೂಕಿನ ಕತ್ತಲೆಕಾನು ನೋಡಿ. ರಾಮಪತ್ರೆ ಜಾತಿಯ ಮರಗಳು ನೀರಲ್ಲೇ ಬೇರು ಎತ್ತಿ ನಿಲ್ಲುವ ಜೌಗು ಅದು. 2000ದಲ್ಲಿ ಅಲ್ಲಿ ಗೇರಿನ ಕುಟುಂಬದ ಒಂದು ಹೊಸ ಮರ ಸಿಕ್ಕಿತು. ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಸೇರಿಕೊಂಡಿದೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಊರಿನವರು ಕಾನು ಕಡಿಯದೆ ಬಿಟ್ಟಿದ್ದಕ್ಕೆ ಆ ಮರ ಹೆಸರು ಬರುವ ತನಕ ಕಾದು ನಿಂತಿತ್ತು.

ಕಾಡಿಗೆ ಬೆಂಕಿ ಹಾಕೋರೇ ಕಾಡು ಉಳಿಸ್ತಾರೆ ಅಂದ್ರೆ ಹೇಗೆ ನಂಬೋದು?

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಕೂತುಕೊಳ್ಳಿ.

ಸೋಲಿಗರು ಹಾಕುತ್ತಿದ್ದದ್ದು ತರಗು ಬೆಂಕಿ. ಸಂಕ್ರಾಂತಿ ಆಸುಪಾಸಿನಲ್ಲಿ ಎಲೆ ಉದುರಿ ತರಗು ಒಣಗಿರುತ್ತದೆ, ಆದರೆ ನೆಲದಲ್ಲಿ ಇನ್ನೂ ಪಸೆ ಇರುತ್ತದೆ, ಬೆಳಗ್ಗೆ ಇಬ್ಬನಿ ಬೀಳುತ್ತದೆ. ಆಗ ಹಚ್ಚಿದ ಬೆಂಕಿ ಮೊಣಕಾಲೆತ್ತರದಲ್ಲಿ ಹರಿದು, ತರಗು ಸುಟ್ಟು, ಆರಿಹೋಗುತ್ತದೆ. ಮರಕ್ಕೆ ಏನೂ ಆಗುವುದಿಲ್ಲ. ಉಣ್ಣೆ ಹುಳ ಸಾಯುತ್ತದೆ, ಹೊಸ ಹುಲ್ಲು ಬರುತ್ತದೆ, ನಡೆಯುವಾಗ ಎದುರಿಗೆ ಆನೆ ಇದ್ದರೆ ಕಾಣುತ್ತದೆ. ಅದೇ ಬೆಂಕಿ ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದರೆ ಮಾತೇ ಬೇರೆ. ನಾಲ್ಕೈದು ವರ್ಷದ ತರಗು, ಒಣ ಪೊದೆ ಎಲ್ಲಾ ಸೇರಿ ಮರದ ತುದಿಗೆ ಹತ್ತುತ್ತದೆ.

1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ನಿಂತಿತು. ಆಮೇಲೆ ಎರಡು ಬದಲಾವಣೆ ಕಂಡವು ಅನ್ನುತ್ತಾರೆ ಸೋಲಿಗರು. ಒಂದು ಉಪ್ಪಿಲು. ನೆಲ್ಲಿ ಮರದ ಮೇಲೆ ಕೂತು ಅದರ ರಸ ಹೀರುವ ಬಂದಳಿಕೆ ಅದು. ಒಬ್ಬ ತಾತ ನನಗೆ ತೋರಿಸಿದರು. ದೂರದಿಂದ ನೋಡಿದರೆ ಮರ ಹಸಿರಾಗಿ ಚೆನ್ನಾಗಿಯೇ ಇತ್ತು. ಹತ್ತಿರ ಹೋದರೆ ನೆಲ್ಲಿಯ ಸಣ್ಣ ಗರಿ ಎಲೆ ಅಲ್ಲೊಂದು ಇಲ್ಲೊಂದು, ಮಿಕ್ಕಿದ್ದೆಲ್ಲಾ ದಪ್ಪ ಅಗಲ ಎಲೆ, ಪೂರ್ತಿ ಉಪ್ಪಿಲೇ. ಮರ ಆಗಲೇ ಒಳಗೆ ಒಣಗಿತ್ತು. ಕೊಂಬೆ ಮುರಿದು ಕೈಗೆ ಕೊಟ್ಟರು, ಕಡ್ಡಿ ಪಟ್ ಅಂತ ಮುರಿಯಿತು. ತರಗು ಬೆಂಕಿಯ ಹೊಗೆ, ಕಾವಿಗೆ ಎಳೆ ಉಪ್ಪಿಲು ಉಳಿಯುತ್ತಿರಲಿಲ್ಲ ಅನ್ನುವುದು ಅವರ ಲೆಕ್ಕ. ನೆಲ್ಲಿಕಾಯಿ ಕೊಯ್ಯುವಾಗ ಉಪ್ಪಿಲು ಹಿಡಿದ ಕೊಂಬೆಯನ್ನೂ ಕಡಿದು ಹಾಕುತ್ತಿದ್ದರು. ಹೊರಗಿನವರ ಕಣ್ಣಿಗೆ ಅದು 'ಕೊಂಬೆ ಕಡಿದು ಕಾಡು ಹಾಳು ಮಾಡುವುದು'.

ಎರಡನೆಯದು ಲಂಟಾನ, ಹೊರದೇಶದಿಂದ ಬಂದು ಕಾಡಿಗೆ ನುಗ್ಗಿದ ಪೊದೆ ಗಿಡ. ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟ) ಕಾಡಿನಲ್ಲಿ ಜಾಗ ಗುರುತು ಹಾಕಿಕೊಂಡು ಮಾಡಿದ ಅಧ್ಯಯನದಲ್ಲಿ 1997ರಿಂದ 2008ರೊಳಗೆ ಲಂಟಾನ ಕಂಡುಬಂದ ಜಾಗಗಳು ಸುಮಾರು ಎರಡು ಪಟ್ಟಾದವು. ಪೊದೆಯ ಅಡಿಯಲ್ಲಿ ಹುಲ್ಲಿಲ್ಲ, ಸಸಿ ಮೇಲೇಳುವುದಿಲ್ಲ. ಬೆಂಕಿ ಹಚ್ಚಿದರೆ ಈಗ ಲಂಟಾನ ಹೋಗುತ್ತದಾ? ಹೋಗುವುದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ಪೊದೆ ಇಷ್ಟು ದಟ್ಟವಾದ ಮೇಲೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದೂ ಇಲ್ಲ. ಹಳೇ ಪದ್ಧತಿಯನ್ನು ನಿಲ್ಲಿಸುವುದು ಸುಲಭ. ನಿಂತು ಮೂವತ್ತು ವರ್ಷವಾದ ಮೇಲೆ ನಾಳೆ ಬೆಳಗ್ಗೆ ವಾಪಸ್ ತರುತ್ತೇನೆ ಅಂದರೆ ಕಾಡು ಮೊದಲಿನ ಕಾಡಾಗಿರುವುದಿಲ್ಲ.

ಸಂಶೋಧಕರು ಉಪ್ಪಿಲಿನ ವಿಷಯದಲ್ಲಿ ಸೋಲಿಗರ ಮಾತನ್ನು ತೂಗಿ ನೋಡಿದ್ದಾರೆ. ಕೆಲವು ಹೊಂದಿವೆ, ಕೆಲವು ಹೊಂದಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ಆದಿವಾಸಿ ಹೇಳಿದ್ದೆಲ್ಲಾ ವೇದವಾಕ್ಯ ಅಂತ ಒಪ್ಪುವುದೂ ಒಂಥರಾ ಅವಮಾನವೇ. ಸರಿಸಮ ಅಂತ ಕಂಡವರ ಜೊತೆ ತಾನೇ ನಾವು ವಾದ ಮಾಡುವುದು?

ಹೊರದೇಶದ ಗಿಡಗಳೆಲ್ಲಾ ಕೆಟ್ಟವು ಅಂತ ಅರ್ಥನಾ?

ಹಾಗಂದರೆ ಇವತ್ತು ಸಾರಿಗೆ ಖಾರ ಹಾಕುವ ಹಾಗಿಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಕಾಲಕ್ಕೆ ಅಮೆರಿಕದಿಂದ ಬಂದದ್ದು. ಆಯುಧಪೂಜೆಗೆ ಗಾಡಿಗೆ ಸುತ್ತುವ ಚೆಂಡು ಹೂವಿನ ತವರು ಮೆಕ್ಸಿಕೊ. ಲಂಟಾನವೂ ಅಲಂಕಾರದ ಗಿಡ ಅಂತಲೇ 1800ರ ದಶಕದ ಶುರುವಿನಲ್ಲಿ ಬ್ರಿಟಿಷರ ಜೊತೆ ಕಲ್ಕತ್ತಾಕ್ಕೆ ಬಂತು. ಚೆಂಡು ಹೂವು ಹೊಲದಲ್ಲಿ ನಿಂತಿತು, ಲಂಟಾನ ಬೇಲಿ ದಾಟಿತು. ವ್ಯತ್ಯಾಸ ಅಷ್ಟೇ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈಗ ಲಂಟಾನ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿದ್ದಾಗಲೇ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ಬಿದಿರು ಬಗ್ಗಿಸಿ ಗೊತ್ತಿದ್ದ ಕೈಗೆ ಇದನ್ನು ಕಲಿಯುವುದು ಕಷ್ಟವಾಗಲಿಲ್ಲ. ಹಾಗಂತ ಕುರ್ಚಿ ಮಾಡಿ ಲಂಟಾನ ಮುಗಿಸಬಹುದು ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ.

ನಮ್ಮೂರ ಅಜ್ಜಿ ಕೊಡೋ ಬೇರು, ತೊಗಟೆ ತಗೋಬಹುದಾ?

ಅಜ್ಜಿ ಕೈಯಿಂದ, ಅಜ್ಜಿ ಎದುರಿಗೆ, ಅಜ್ಜಿಗೆ ನಿಮ್ಮ ಮೈ ಗೊತ್ತಿದ್ದರೆ, ಅದು ಒಂದು ಮಾತು. ಫೋನಿನಲ್ಲಿ ಬಂದ ಫೋಟೋ ನೋಡಿಕೊಂಡು ನೀವೇ ಕಿತ್ತು ಕುಡಿಯುವುದು ಪೂರ್ತಿ ಬೇರೆ ಮಾತು. ಪಾಲೆ ಅಂದುಕೊಂಡು ಕತ್ತಲಲ್ಲಿ ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಜೀವ ತೆಗೆಯುವ ವಿಷ. ಮರ ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು ಅನ್ನುವ ರೂಢಿ ಯಾಕಿತ್ತು ಅಂತ ಈಗ ಗೊತ್ತಾಯಿತಲ್ಲ. ಬಸುರಿಯರು, ಮಕ್ಕಳು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ದಿನಾ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಯಾವುದನ್ನೂ ತೆಗೆದುಕೊಳ್ಳಬೇಡಿ.

## ಹಕ್ಕು, ಹಣ, ಕಾಗದ ಪತ್ರ

ಅರಿಶಿನದ ಪೇಟೆಂಟ್ ಕೇಸ್ ಗೆದ್ವಲ್ಲ, ಇನ್ನೇನು ಚಿಂತೆ?

ಗೆದ್ದೆವು, ನಿಜ. 1995ರಲ್ಲಿ ಅಮೆರಿಕದಲ್ಲಿ 'ಗಾಯಕ್ಕೆ ಅರಿಶಿನ' ಅನ್ನುವುದಕ್ಕೆ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ (ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ) ತಕರಾರು ಹಾಕಿತು, 1997ರಲ್ಲಿ ರದ್ದಾಯಿತು. ಬೇವಿನ ಎಣ್ಣೆಯ ಯುರೋಪಿನ ಪೇಟೆಂಟ್ 2000ದಲ್ಲಿ ಬಿದ್ದುಹೋಯಿತು, ಮೇಲ್ಮನವಿಯೂ ಸೇರಿ ಎಲ್ಲಾ ಮುಗಿದದ್ದು 2005ರಲ್ಲಿ.

ಆದರೆ ಗೆದ್ದದ್ದು ಹೇಗೆ? ಹಳೇ ಗ್ರಂಥ, ಹಳೇ ಪತ್ರಿಕೆ ತೆಗೆದು ಮುಂದಿಟ್ಟು. ಅಂದರೆ ಬರಹದಲ್ಲಿ ಇದ್ದದ್ದಕ್ಕೆ ರಕ್ಷಣೆ ಸಿಕ್ಕಿತು. ಜೇನು ಕುರುಬರ ಅಜ್ಜನ ಬಾಯಲ್ಲಿ ಮಾತ್ರ ಇರುವುದಕ್ಕೆ ಯಾವ ಗ್ರಂಥ ತೋರಿಸುವುದು? 2002ರ ಜೀವವೈವಿಧ್ಯ ಕಾಯ್ದೆ ಇಂಥವರಿಗೂ ಲಾಭದಲ್ಲಿ ಪಾಲು ಸಿಗಬೇಕು ಅನ್ನುತ್ತದೆ. ದೇಶದ ಒಳಗಿನ ಕಂಪನಿಗಳೂ ಪಾಲು ಕೊಡಲೇಬೇಕು ಅಂತ 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಹೇಳಿತು. 2023ರ ತಿದ್ದುಪಡಿ ಬಂದಾಗ ಗ್ರಂಥದಲ್ಲಿರುವ ಜ್ಞಾನ ಬಳಸುವವರಿಗೆ ವಿನಾಯಿತಿ ಸಿಕ್ಕಿತು. ಕಾಡಿನಿಂದ ಗ್ರಂಥಕ್ಕೆ ಯಾವತ್ತೋ ಹೋಗಿ ಸೇರಿದ್ದು ಎಷ್ಟಿದೆ, ಅದನ್ನು ಯಾರ ಲೆಕ್ಕಕ್ಕೆ ಬರೆಯುವುದು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಕಾಣಿ ಜನರಿಗೆ ದುಡ್ಡು ಬಂತಂತಲ್ಲ, ಆ ಕಥೆ ಏನು?

ಕೇರಳದ ಅಗಸ್ತ್ಯಮಲೆ. 1987ರಲ್ಲಿ ಸಸ್ಯ ವಿಜ್ಞಾನಿಗಳು ಬೆಟ್ಟ ಹತ್ತುತ್ತಿದ್ದರು, ದಾರಿ ತೋರಿಸಲು ಅಲ್ಲಿನ ಕಾಣಿ ಬುಡಕಟ್ಟಿನ ಯುವಕರು. ಇವರಿಗೆ ಏದುಸಿರು, ಅವರಿಗೆ ಸುಸ್ತೇ ಇಲ್ಲ. ಏನೋ ಸಣ್ಣ ಕಾಯಿ ತಿನ್ನುತ್ತಿದ್ದರು. ಕೇಳಿದರೆ ಮೊದಲು ಹೇಳಲಿಲ್ಲ. ಒತ್ತಾಯ ಮಾಡಿದ ಮೇಲೆ ಗಿಡ ತೋರಿಸಿದರು: ಆರೋಗ್ಯಪಚ್ಚ. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಅದರಿಂದ 'ಜೀವನಿ' ಅನ್ನುವ ಔಷಧಿ ಮಾಡಿತು. 1995ರಲ್ಲಿ ಕೊಯಮತ್ತೂರಿನ ಆಯುರ್ವೇದ ಕಂಪನಿಯೊಂದಕ್ಕೆ 10 ಲಕ್ಷ ರೂಪಾಯಿಗೆ ಪರವಾನಗಿ ಕೊಟ್ಟಿತು. ಮಾರಾಟದ ಮೇಲೆ ನೂರಕ್ಕೆ 2 ರೂಪಾಯಿ ರಾಯಧನ. ಇದರಲ್ಲಿ ಅರ್ಧ ಕಾಣಿಗಳಿಗೆ ಅಂತ ಒಪ್ಪಿಕೊಂಡರು, ಅದಕ್ಕಾಗಿ 1997ರಲ್ಲಿ ಒಂದು ಟ್ರಸ್ಟ್ ಆಯಿತು. ಲೋಕವೆಲ್ಲಾ ಮಾದರಿ ಅಂತ ಹೊಗಳಿತು.

ಸರಿ, ಒಳ್ಳೇದೇ. ಆದರೆ ತೊಡಕುಗಳನ್ನೂ ನೋಡಿ. ಗಿಡದ ಗುಟ್ಟು ಕಾಣಿಗಳಲ್ಲೇ ಎಲ್ಲರದ್ದಲ್ಲ, 'ಪ್ಲಾತಿ' ಅನ್ನುವ ವೈದ್ಯರದ್ದು, ಅವರಲ್ಲಿ ಕೆಲವರು ಹೇಳಿದ್ದೇ ತಪ್ಪು ಅಂದರು. ಹಾಗಾದರೆ ಒಪ್ಪಿಗೆ ಕೊಡಬೇಕಾದವರು ಯಾರು, ಗುಟ್ಟು ಬಿಟ್ಟ ಹುಡುಗರಾ, ಪ್ಲಾತಿಗಳಾ, ಬೇರೆ ಊರಿನ ಕಾಣಿಗಳಾ? ಎಲೆ ಕಾಡಿನದ್ದು, ಕೊಯ್ಯಲು ಅರಣ್ಯ ಇಲಾಖೆ ಅನುಮತಿ ಬೇಕು, ಅಲ್ಲೂ ಗಂಟು ಬಿತ್ತು. ಹಣ ಹಂಚುವುದು ಈ ಕಥೆಯ ಸುಲಭದ ಭಾಗವಾಗಿತ್ತು.

ಎಲ್ಲಾ ಬರೆದು ಕಂಪ್ಯೂಟರಿಗೆ ಹಾಕಿಬಿಟ್ರೆ ಆಯ್ತಲ್ಲ?

ಪ್ರತಿ ಪಂಚಾಯಿತಿಯಲ್ಲೂ 'ಜನತಾ ಜೀವವೈವಿಧ್ಯ ದಾಖಲಾತಿ' ಅಂತ ಮಾಡಬೇಕು ಅನ್ನುವುದು ಕಾಯ್ದೆಯ ಆಶಯ. ನಾನು ನೋಡಿದ ಒಂದರಲ್ಲಿ 'ಸ್ಥಳೀಯ ಹೆಸರು: ನೆಲ್ಲಿ, ಉಪಯೋಗ: ಔಷಧಿ' ಅಂತ ಇತ್ತು. ಮುಂದಿನ ಸಾಲು 'ಹೊಂಗೆ, ಉಪಯೋಗ: ಔಷಧಿ'. ಅದರ ಮುಂದಿನದೂ ಔಷಧಿ. ಮೂರು ದಿನದಲ್ಲಿ ಪುಸ್ತಕ ತುಂಬಬೇಕಿತ್ತೋ ಏನೋ.

ಚೆನ್ನಾಗಿ ಮಾಡಿದ್ದೂ ಇದೆ. ಬಿಆರ್‌ಟಿಯಲ್ಲಿ ಸೋಲಿಗ ಹಿರಿಯರು ಸಂಶೋಧಕರ ಜೊತೆ ನಡೆದು ತಮ್ಮ ದೇವರ ಜಾಗಗಳನ್ನು ನಕ್ಷೆಗೆ ಏರಿಸಿದರು. ಒಂದೊಂದು ಕುಲದ ಎಲ್ಲೆಯ ಒಳಗೂ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಇರುತ್ತವೆ. ಇಲಾಖೆಯ ನಕ್ಷೆಯಲ್ಲಿ ಬರೀ ಹಸಿರು ಬಣ್ಣ ಇದ್ದ ಕಡೆ ಈಗ ನೂರಾರು ಹೆಸರುಗಳು. ಆ ನಕ್ಷೆ ಗೋಡೆಗೆ ನೇತುಹಾಕಲು ಮಾಡಿದ್ದಲ್ಲ, ಹಕ್ಕು ಕೇಳುವಾಗ ಮೇಜಿನ ಮೇಲೆ ಬಿಡಿಸಲು ಮಾಡಿದ್ದು. ದಾಖಲೆ ಯಾರ ಕೈಯಲ್ಲಿ ಇರುತ್ತದೆ, ಯಾವ ಕೆಲಸಕ್ಕೆ ಅನ್ನುವುದೇ ನಾನು ಮೊದಲು ಕೇಳುವುದು. ಎಲ್ಲವನ್ನೂ ಬರೆಯಬೇಕು ಅಂತಲೂ ಇಲ್ಲ. ಹೇಳಲ್ಲ ಅನ್ನುವ ಹಕ್ಕು ಹೇಳುವವರಿಗೆ ಬಿಟ್ಟಿದ್ದು.

ಹುಲಿ ಇರೋ ಕಾಡಲ್ಲಿ ಜನ ಯಾಕಿರಬೇಕು? ಹೊರಗೆ ಬಂದ್ರೆ ಅವರಿಗೂ ಒಳ್ಳೇದಲ್ವಾ?

ಹೊರಗೆ ಬರಬೇಕು ಅನ್ನುವವರು ಬರಲಿ, ಯಾರೂ ಬೇಡ ಅನ್ನುತ್ತಿಲ್ಲ. ಶಾಲೆ, ಆಸ್ಪತ್ರೆ, ರಸ್ತೆ ಬೇಕು ಅಂತ ಪೋಡಿನ (ಸೋಲಿಗರ ಹಾಡಿಯ) ಹುಡುಗರೇ ಕೇಳುತ್ತಾರೆ. ಬಲವಂತವಾಗಿ ಎಬ್ಬಿಸುವುದರ ಬಗ್ಗೆ ಮಾತ್ರ ನನ್ನ ತಕರಾರು. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡಿನ ಒಳಗೆ ಹೀಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಪಾಚಿ, ಅಂಟುವಾಳ ಕಿರುಉತ್ಪನ್ನಗಳನ್ನು ತೆಗೆಯುವ ಹಕ್ಕು ಇದರಲ್ಲಿದೆ. ಅದಕ್ಕೂ ಮುಂಚೆ, ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ, ಮಾರಾಟಕ್ಕೆ ಅಂತ ಕೀಳುವುದನ್ನೆಲ್ಲ ಅಲ್ಲಿ ನಿಲ್ಲಿಸಿಬಿಟ್ಟಿದ್ದರು.

ಇದಕ್ಕೂ ಗಿಡದ ಜ್ಞಾನಕ್ಕೂ ಏನು ಸಂಬಂಧ ಅಂದರೆ, ನೆಲ್ಲಿಕಾಯಿ ಕೊಯ್ಯುವುದು ನಿಂತ ವರ್ಷಗಳಲ್ಲಿ ಹತ್ತು ವರ್ಷದ ಹುಡುಗ ಇಪ್ಪತ್ತಾಗುತ್ತಾನೆ. ಅಪ್ಪನ ಹಿಂದೆ ಮರ ಹತ್ತಿರುವುದಿಲ್ಲ, ಉಪ್ಪಿಲು ಕಡಿದಿರುವುದಿಲ್ಲ. ಅವನಿಗೆ ತರಬೇತಿ ಶಿಬಿರದಲ್ಲಿ ಕೂರಿಸಿ ಪವರ್‌ಪಾಯಿಂಟ್ ತೋರಿಸಿದರೆ ಬರುವ ವಿದ್ಯೆ ಅಲ್ಲ ಅದು. ರಾಗಿ ಕೊಯ್ಲಾದ ಮೇಲೆ ರೊಟ್ಟಿ ಹಬ್ಬ ಮಾಡುತ್ತಾರೆ. ಪೋಡಿನಲ್ಲಿ ರಾಗಿಯನ್ನೇ ಬೆಳೆಯದೆ ಸೊಸೈಟಿ ಅಕ್ಕಿ ತಂದ ವರ್ಷ ಆ ಹಬ್ಬದಲ್ಲಿ ಏನನ್ನು ಎಡೆ ಇಡುವುದು?

ನಾನು ಬೆಂಗಳೂರಿನ ಫ್ಲ್ಯಾಟಲ್ಲಿರೋನು. ನನ್ನಿಂದೇನಾಗುತ್ತೆ?

ಉಪ್ಪಿನಕಾಯಿಯಿಂದ ಶುರು ಮಾಡಿ. ಮಾಕಳಿ ಬೇರಿನ ಉಪ್ಪಿನಕಾಯಿ ತಿಂತೀರಲ್ಲ, ಆ ಬೇರು ಬಹುತೇಕ ಕಾಡಿನಿಂದ ಅಗೆದು ತಂದದ್ದು. ಬೇರು ಅಗೆದರೆ ಬಳ್ಳಿ ಸತ್ತಂತೆ. ಬೇಡಿಕೆ ಏರಿ ಏರಿ ಆ ಬಳ್ಳಿ ಈಗ ಅಳಿವಿನಂಚಿನ ಪಟ್ಟಿಗೆ ಬಂದಿದೆ. ಗೊತ್ತಿರುವ ಸೋಲಿಗರು ಒಂದು ಬಳ್ಳಿಯ ಎಲ್ಲಾ ಬೇರನ್ನೂ ಅಗೆಯುವುದಿಲ್ಲ, ಕೆಲವನ್ನು ತೆಗೆದು ಮಣ್ಣು ಮುಚ್ಚಿ ಬರುತ್ತಾರೆ. ಕಿಲೋ ಲೆಕ್ಕದಲ್ಲಿ ಗುತ್ತಿಗೆ ಹಿಡಿದವನಿಗೆ ಆ ಪುರುಸೊತ್ತು ಇರುವುದಿಲ್ಲ. ಅಂಗಡಿಯವನನ್ನು ಬೇರು ಎಲ್ಲಿಂದ ಬಂತು ಅಂತ ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವನು ಕೇಳುವಷ್ಟರಲ್ಲಿ ಅವನು ಎಲ್ಲಿಂದ ಅಂತ ತಿಳಿದುಕೊಂಡಿರುತ್ತಾನೆ.

ಜೋಯಿಡಾದಲ್ಲಿ ಕುಣಬಿಗಳು ಗೆಡ್ಡೆ ಗೆಣಸಿನ ಮೇಳ ಮಾಡುತ್ತಾರೆ, ಒಂದು ಸಲ ಹೋಗಿ. ಮಗುವಿನಷ್ಟು ದಪ್ಪದ ಗೆಡ್ಡೆಗಳನ್ನು ಸಾಲಾಗಿ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಹೇಗೆ ಬೇಯಿಸುವುದು ಅಂತ ಕೇಳಿದರೆ ಸುಲಭಕ್ಕೆ ಬಿಡುವುದಿಲ್ಲ, ಪೂರ್ತಿ ಹೇಳಿಯೇ ಕಳಿಸುತ್ತಾರೆ. ಮುಡ್ಲಿ ಅನ್ನುವ ಗೆಡ್ಡೆ ಒಂದೆರಡು ಕಿಲೋ ತಂದು ಬೇಯಿಸಿ ತಿನ್ನಿ, ಒಂದು ಗೆಡ್ಡೆ ಉಳಿಸಿಕೊಂಡು ಬಾಲ್ಕನಿಯ ದೊಡ್ಡ ಕುಂಡದಲ್ಲಿ ಹೂಳಿ. ಮಳೆ ಶುರುವಾದರೆ ಮೊಳಕೆ ಬರುತ್ತದೆ.

ಮಾಕಳಿ ಬೇರನ್ನೂ ಕುಂಡದಲ್ಲಿ ಬೆಳೆಸಬಹುದಾ?

ಬೆಳೆಸಬಹುದು, ಬೀಜದಿಂದ ಬರುತ್ತದೆ. ಕಾಯಿ ಒಡೆದರೆ ಬೀಜಕ್ಕೆ ರೇಷ್ಮೆಯಂಥ ಕೂದಲು ಇರುತ್ತದೆ, ಫ್ಯಾನು ಆರಿಸಿ ಬಿಡಿಸಿ, ಇಲ್ಲದಿದ್ದರೆ ಮನೆಯೆಲ್ಲಾ ಹಾರುತ್ತದೆ. ಆಳದ ಕುಂಡ, ನೀರು ಬಸಿಯುವ ಮರಳು ಮಣ್ಣು, ಹಬ್ಬಲು ಒಂದು ಕೋಲು. ಬೇರು ಉಪ್ಪಿನಕಾಯಿಗೆ ಬರುವಷ್ಟು ದಪ್ಪ ಆಗಬೇಕಾದರೆ ವರ್ಷಗಳೇ ಬೇಕು. ನನ್ನದು ಮೂರನೇ ವರ್ಷ. ಹೋದ ತಿಂಗಳು ಮಣ್ಣು ಸ್ವಲ್ಪ ಕೆದರಿ ನೋಡಿದೆ. ಕಿರುಬೆರಳಿನಷ್ಟಿದೆ, ವಾಸನೆ ಮಾತ್ರ ಕೈಗೆ ಸಂಜೆ ತನಕ ಅಂಟಿಕೊಂಡಿತ್ತು. ಹಾಗೇ ಮುಚ್ಚಿಟ್ಟೆ.